ಹೆರಿಂಗ್ ನೆಕ್ಕಿನ ಉದ್ದನೆಯ ಸಾಲನ್ನು ಓದಿ ಹೇಳಿದ ಮಹನೀಯರಿಗೆ

ಮುಂಗಡ ಮತದಾನದ ಮರ್ಮವನ್ನು ಬಲ್ಲವರೂ, ಗೋಡೆಯಗಲದ ನಕ್ಷೆಯ ಮೇಲೆ ಬೆರಳಾಡಿಸಿ ಇನ್ನೂ ಬಾರದ ಚುನಾವಣೆಯ ಮಂಗಳವಾರವನ್ನು ಶನಿವಾರವೇ ಓದಿ ಹೇಳಬಲ್ಲವರೂ ಆದ ಶ್ರೀಯುತ ಲಿಂಡನ್ ಕೆಸಿಂಜರ್ ಅವರ ಸಮ್ಮುಖಕ್ಕೆ, ಉತ್ತರ ಕ್ಯಾರೊಲೈನಾದ ಸ್ಪೈಟ್ ಕೌಂಟಿಯಲ್ಲಿ ಹೊಳೆಯ ಈಚೆ ದಡದಲ್ಲಿರುವ ಹೆರಿಂಗ್ ನೆಕ್ ಎಂಬ ಊರಿನಿಂದ ಓರ್ಲೀನ್ ಪಿಟ್‌ಮನ್ ಎಂಬ ನಾನು ತಲೆಬಾಗಿ ಅರಿಕೆ ಮಾಡಿಕೊಳ್ಳುವುದೇನೆಂದರೆ:

ಮಾನ್ಯರೇ, ಮೊದಲು ಕೃತಜ್ಞತೆ ಸಲ್ಲಿಸಿ ಆಮೇಲೆ ಉಳಿದದ್ದಕ್ಕೆ ಬರುತ್ತೇನೆ. ಪ್ರವಾಹದ ನೀರು ಶಾಲೆಯ ಕಿಟಕಿಯವರೆಗೆ ಬಂದ ವರ್ಷವೊಂದನ್ನು ಬಿಟ್ಟರೆ ನಮ್ಮ ಕೌಂಟಿ ಟೀವಿಯಲ್ಲಿ ಕಾಣಿಸಿಕೊಂಡದ್ದೇ ಇಲ್ಲ. ಅಂಥದ್ದರಲ್ಲಿ ಮುಂಗಡ ಮತದಾನದ ಮೊದಲ ಶನಿವಾರ ಸಂಜೆ ತಾವು ರಾಜಧಾನಿಯ ಸ್ಟುಡಿಯೋದಲ್ಲಿ ಕೋಟಿನ ತೋಳು ಮೇಲಕ್ಕೆ ಸರಿಸಿ, ನಮ್ಮ ಕೌಂಟಿಯ ಮೇಲೆ ಬೆರಳಿಟ್ಟು, ಅದನ್ನು ಹಾಸಿಗೆಯಷ್ಟು ಅಗಲಕ್ಕೆ ಹಿಗ್ಗಿಸಿ, “ಇಲ್ಲಿ ಏನೋ ನಡೀತಿದೆ” ಎಂದು ಗಂಭೀರವಾಗಿ ನುಡಿದಿರಿ. ನನ್ನ ಗಂಡ ಥರ್ಮನ್ ಕುರ್ಚಿಯಿಂದ ಎದ್ದು ಹೋಗಿ ಪರದೆ ಸರಿಸಿ ಹೊರಗೆ ನೋಡಿದ. ಪಕ್ಕದ ಮನೆಯ ನಾಯಿ ರಸ್ತೆ ದಾಟುತ್ತಿತ್ತು. ಅಷ್ಟು ದೊಡ್ಡವರು ಹೇಳಿದ ಮೇಲೆ ಇನ್ನೇನಾದರೂ ಇರಲೇಬೇಕೆಂದು ಅವನು ಬಹಳ ಹೊತ್ತು ಕಿಟಕಿಯ ಬಳಿಯೇ ನಿಂತಿದ್ದ.

ಅಂದು ನಿಜಕ್ಕೂ ನಡೆದದ್ದನ್ನು ತಮ್ಮಂಥವರಿಗೆ ತಿಳಿಸಹೊರಟಿರುವ ಉದ್ಧಟತನವನ್ನು ಕ್ಷಮಿಸಬೇಕು. ಹೊಳೆಯ ಈಚೆ ಕಡೆಯವರಿಗೆ ನಮ್ಮೂರ ಆಂಬುಲೆನ್ಸ್ ಠಾಣೆಯ ಸಭಾಂಗಣವೇ ಮುಂಗಡ ಮತಗಟ್ಟೆ. ಅದೇ ಠಾಣೆಯ ಹಿತ್ತಿಲಲ್ಲಿ, ಎಲೆ ಉದುರುವ ಕಾಲದ ಒಂದು ಶನಿವಾರ, ಇಡೀ ಹಂದಿಯನ್ನು ಕೆಂಡದ ಮೇಲಿಟ್ಟು ಬೇಯಿಸಿ, ವಿನೆಗರ್ ಬೆರೆಸಿ ಕೊಚ್ಚಿ, ಎಲೆಕೋಸು ಮತ್ತು ಜೋಳದ ಬೋಂಡಾಗಳ ಜೊತೆ ತಟ್ಟೆಗಟ್ಟಲೆ ಮಾರಿ ಆಂಬುಲೆನ್ಸಿನ ಟೈರಿಗೂ ಬ್ಯಾಂಡೇಜಿಗೂ ದಾರಿ ಮಾಡಿಕೊಳ್ಳುವುದು ನನ್ನತ್ತೆಯ ಕಾಲದಿಂದ ನಡೆದು ಬಂದ ಪದ್ಧತಿ. ಈ ವರ್ಷ ಎರಡೂ ಒಂದೇ ದಿನಕ್ಕೆ ಬಿದ್ದವು. ಕೆಂಡದ ಉಸ್ತುವಾರಿ ಹಿರಿಯರಾದ ಡಿವಿಟ್ ಸಗ್ಸ್ ಅವರದು, ಮತ್ತು ಸಗ್ಸ್ ಅವರಿಗೆ ಅವಸರ ಮಾಡಿ ಗೆದ್ದವರು ಈ ಊರಿನಲ್ಲಿ ಹುಟ್ಟಿಲ್ಲ. ಹಸಿದು ಬಂದ ಒಬ್ಬೊಬ್ಬರಿಗೂ ಅವರು ಹೇಳಿದ್ದು ಒಂದೇ ಮಾತು: “ಇನ್ನೂ ಬೆಂದಿಲ್ಲ ಕಣ್ರೋ. ಇಲ್ಲಿ ನಿಂತ್ಕೊಂಡು ನನ್ ಮುಖ ಏನ್ ನೋಡ್ತೀರಾ? ಒಳಗೆ ಹೋಗಿ ಓಟಾದ್ರೂ ಹಾಕ್ಬನ್ನಿ, ಅಷ್ಟರಲ್ಲಿ ಆಗತ್ತೆ.”

ತಾವು ಕಂಡ ಆ ಐತಿಹಾಸಿಕ ಸಾಲು ಹುಟ್ಟಿದ್ದು ಹೀಗೆ. ಪ್ರತಿ ಸಲ ಮಂಗಳವಾರವೇ ಓಟು ಹಾಕುವ, ಮಂಗಳವಾರ ಬಿಟ್ಟರೆ ಓಟಿಗೆ ಮಡಿಯಿಲ್ಲ ಎಂದು ನಂಬಿದ ಮುದುಕ ಮುದುಕಿಯರೆಲ್ಲ ಹಂದಿ ಬೇಯುವವರೆಗೆ ಹೊತ್ತು ಹೋಗಲೆಂದು ಸಾಲಿನಲ್ಲಿ ನಿಂತಿದ್ದರು. ಸಭಾಂಗಣಕ್ಕೆ ಬಿಸಿಗಾಳಿಯ ಸೌಕರ್ಯವಿದ್ದುದರಿಂದ ಸಾಲು ಇನ್ನಷ್ಟು ಬೆಳೆಯಿತು. ತಾವು ಅದನ್ನು ಹೊಸ ಮತದಾರರ ಅಲೆ ಎಂದೂ, ಯುವಜನರ ಸಿಟ್ಟು ಎಂದೂ, ವ್ಯವಸ್ಥೆಯ ವಿರುದ್ಧ ನಿಃಶಬ್ದ ಕ್ರಾಂತಿ ಎಂದೂ ಬಣ್ಣಿಸಿದಿರಿ. ನಾನು ಆ ಹೊತ್ತಿನಲ್ಲಿ ಎಲೆಕೋಸು ಕೊಚ್ಚುತ್ತಿದ್ದೆ. ನನ್ನ ಕಣ್ಣಿಗೆ ಬಿದ್ದ ಅತಿ ಕಿರಿಯ ಕ್ರಾಂತಿಕಾರಿಗೆ ಎರಡೂ ಮಂಡಿಯ ಶಸ್ತ್ರಚಿಕಿತ್ಸೆ ಆಗಿತ್ತು.

ಮುಂದೆ ತಾವು ಮತದಾರರ ಪಟ್ಟಿಯಲ್ಲಿ ಯಾವ ಪಕ್ಷದವರೆಂದು ಹೆಸರು ಬರೆಸಿದವರು ಎಷ್ಟು ಬಂದಿದ್ದಾರೆಂದು ಲೆಕ್ಕ ಹಾಕಿ, ಕತ್ತೆ ಗುರುತಿನ ಪಕ್ಷ ನಮ್ಮ ಕೌಂಟಿಯನ್ನು ಬಾಚಿಕೊಂಡಿತೆಂದು ಸಾರಿದಿರಿ. ಸ್ವಾಮಿ, ನಮ್ಮ ಕಡೆ ಪಕ್ಷವೆಂಬುದು ದೀಕ್ಷಾಸ್ನಾನ ಇದ್ದ ಹಾಗೆ. ಹಿರಿಯರು ಮುಳುಗಿಸಿ ಎತ್ತುತ್ತಾರೆ, ಆಮೇಲೆ ಯಾರು ಎಲ್ಲಿ ಹೋಗಿ ಏನು ಮಾಡಿದರೂ ಆ ಒದ್ದೆ ಒದ್ದೆಯೇ. ಡಿವಿಟ್ ಸಗ್ಸ್ ಅವರು ಕತ್ತೆಯ ಪಕ್ಷದಲ್ಲಿ ಹೆಸರು ಬರೆಸಿಕೊಂಡು ಅರ್ಧ ಶತಮಾನವಾಯಿತು, ಎದುರು ಪಕ್ಷದ ಆನೆಗೆ ಓಟು ಹಾಕುತ್ತಾ ಬಂದು ಹೆಚ್ಚುಕಡಿಮೆ ಅಷ್ಟೇ ಆಯಿತು. ತಿದ್ದಿಸಬಾರದೇ ಎಂದು ನಾನೇ ಒಮ್ಮೆ ಕೇಳಿದ್ದಕ್ಕೆ ಅವರು ಕೆರಳಿ ಹೇಳಿದ್ದು ಇದು: “ನಮ್ಮಜ್ಜ ಬರೆಸಿದ್ದು ಓರ್ಲೀನ್. ಅವನ ಗೋರಿ ಕಲ್ಲನ್ನೂ ತಿದ್ದಿಸ್ಲಾ?” ಅಂಥವರೇ ತುಂಬಿದ್ದ ಸಾಲನ್ನು ನೋಡಿ ತಾವು ಗೆದ್ದವರನ್ನು ಹೆಸರಿಸಿದಿರಿ. ಗಿಣಿಶಾಸ್ತ್ರದ ಗಿಣಿಯಾದರೂ ಪಂಜರದಿಂದ ಹೊರಗೆ ಬಂದು ಒಂದು ಚೀಟಿ ಎತ್ತುತ್ತದೆ. ತಾವು ಸ್ಟುಡಿಯೋದಿಂದಲೂ ಹೊರಬರದೆ ಈ ಸಾಧನೆ ಮಾಡಿದ್ದೀರಿ.

ಇಷ್ಟೇ ಆಗಿದ್ದರೆ ನಾನು ನಕ್ಕು ಸುಮ್ಮನಿರುತ್ತಿದ್ದೆ. ದೇಶದ ಅಧ್ಯಕ್ಷರಾಗಿ ಯಾರು ಬಂದರೂ ಹೆರಿಂಗ್ ನೆಕ್ಕಿಗೆ ಬಂದು ಹೋಗುವವರಲ್ಲ. ಆದರೆ ಮತಪತ್ರದ ಹಿಂಬದಿಯಲ್ಲಿ ನಮ್ಮದೇ ಒಂದು ಪುಟ್ಟ ಪ್ರಶ್ನೆಯಿತ್ತು. ಅಂಗಡಿಯ ಬಿಲ್ಲಿನ ಮೇಲೆ ಚೂರು ತೆರಿಗೆ ಹಾಕಿ ಹೊಳೆಯ ಈಚೆಗಿನ ಆಂಬುಲೆನ್ಸ್ ಠಾಣೆಯನ್ನು ಉಳಿಸಿಕೊಳ್ಳುವುದೋ, ಬೇಡವೋ ಎಂಬುದೇ ಆ ಪ್ರಶ್ನೆ. ಕೌಂಟಿಯ ಬೊಕ್ಕಸ ಬರಿದಾಗಿದೆಯಂತೆ. ಹಂದಿ ಮಾರಿ ಟೈರು ಕೊಳ್ಳಬಹುದು, ಆಂಬುಲೆನ್ಸಿನವರ ಸಂಬಳ ಕೊಡಲಾಗದು.

ಕಳೆದ ಚಳಿಗಾಲದಲ್ಲಿ ಥರ್ಮನ್ ಅಡುಗೆಮನೆಯಲ್ಲಿ ಎದೆ ಹಿಡಿದುಕೊಂಡು ಕುಸಿದಾಗ ಆ ಠಾಣೆಯವರು ನಾನು ಫೋನು ಕೆಳಗಿಡುವುದರೊಳಗೆ ಎಂಬಂತೆ ಬಾಗಿಲಲ್ಲಿದ್ದರು. ನನ್ನ ಗಂಡ ಇವತ್ತು ಉಸಿರಾಡುತ್ತಿದ್ದರೆ ಅದಕ್ಕೆ ಕಾರಣ ಅವರು. ಈಚೆಗಿನ ಠಾಣೆ ಮುಚ್ಚಿದರೆ ಆಂಬುಲೆನ್ಸ್ ಆಚೆ ದಡದ ಕೌಂಟಿ ಪೇಟೆಯಿಂದ ಬರಬೇಕು. ನಡುವೆ ಇರುವುದು ಒಂದೇ ಸೇತುವೆ, ಅದೂ ದೋಣಿ ಬಂದಾಗಲೆಲ್ಲ ಬಾಗಿಲಿನಂತೆ ತಿರುಗಿ ದಾರಿ ಬಿಡುವ ಹಳೆಯ ಸೇತುವೆ. ಚಳಿಗೆ ಹೆದರಿ ದಕ್ಷಿಣಕ್ಕೆ ಓಡುವ ಶ್ರೀಮಂತರ ಹಾಯಿದೋಣಿಗಳೆಲ್ಲ ಹಾಯುವುದು ಅಲ್ಲೇ. ಒಂದು ದೋಣಿ ಪೂರ್ತಿ ದಾಟುವಷ್ಟರಲ್ಲಿ ನಮ್ಮ ಪಾದ್ರಿಗಳ ಪ್ರಾರ್ಥನೆಯೇ ಮುಗಿಯುತ್ತದೆ, ಅವರು ಸುಲಭಕ್ಕೆ ಮುಗಿಸುವವರಲ್ಲ.

ಈ ಪ್ರಶ್ನೆಯ ಬಗ್ಗೆಯೂ ತಾವು ಚುನಾವಣೆಗೆ ಮುಂಚಿನ ಭಾನುವಾರ ಅಪ್ಪಣೆ ಕೊಡಿಸಿದಿರಿ. ಹೆರಿಂಗ್ ನೆಕ್ಕಿನಲ್ಲಿ ಇಷ್ಟು ಜನ ಮುಂಗಡವಾಗಿ ಬಂದಿದ್ದಾರೆಂದರೆ ಅದು ಠಾಣೆಗಾಗಿಯೇ ಬಂದದ್ದು, “ಅದು ಪಾಸಾದ ಹಾಗೇ ಅಂತ ಇಟ್ಕೊಳ್ಳಿ” ಎಂದು ಮುಗುಳ್ನಕ್ಕಿರಿ. ನಾವು ಹಾಗೇ ಇಟ್ಟುಕೊಂಡೆವು. ಠಾಣೆ ಉಳಿಸುವ ಸಮಿತಿಯ ಮುಂದಾಳು, ನಿವೃತ್ತ ನರ್ಸ್ ಮಿರ್ನಾ ಔಟ್ಲಾ, ಕಾರಿಲ್ಲದವರನ್ನು ಮಂಗಳವಾರ ಮತಗಟ್ಟೆಗೆ ಕರೆದೊಯ್ಯಲು ಚರ್ಚಿನ ವ್ಯಾನು ಗೊತ್ತು ಮಾಡಿದ್ದರು. ಸೋಮವಾರ ಬೆಳಿಗ್ಗೆ ಅವರು ನನಗೆ ಫೋನು ಮಾಡಿ, “ಓರ್ಲೀನ್, ಆ ಕೋಟಿನವನು ಗೆದ್ದಾಯ್ತು ಅಂತ ಹೇಳಿದ್ನಲ್ಲ, ಮುದುಕರನ್ನ ಚಳೀಲಿ ಯಾಕೆ ಎಳೆದಾಡೋದು?” ಎಂದರು. ವ್ಯಾನು ಚರ್ಚಿನ ಅಂಗಳದಲ್ಲೇ ಉಳಿಯಿತು. ಇನ್ನು ಥರ್ಮನ್, ಆ ಶನಿವಾರ ಹಂದಿಯ ವಾಸನೆ ತನ್ನ ಪಥ್ಯಕ್ಕೆ ಆಗದೆಂದು ಮನೆಯಲ್ಲಿ ಉಳಿದವನು, ಮಂಗಳವಾರ ಸ್ಪಾಟ್ ಮೀನು ಗುಂಪುಗುಂಪಾಗಿ ಬರುತ್ತಿವೆಯೆಂದು ಗಾಳ ಎತ್ತಿಕೊಂಡ. ಓಟು ಎಂದು ನಾನು ನೆನಪಿಸಿದ್ದಕ್ಕೆ, “ನಂದೊಂದು ಹೆಚ್ಚಾಗಿ ಏನ್ ಮಾಡ್ತಾರೆ ಅವರು, ಫ್ರೇಮ್ ಹಾಕಿಸ್ತಾರಾ?” ಎಂದು ಬಕೆಟ್ಟಿನ ಸಮೇತ ಹೊರಟೇಬಿಟ್ಟ. ಆ ಬಕೆಟ್ಟನ್ನು ಅವನ ತಲೆಯ ಮೇಲೆ ಕವುಚಬೇಕಿತ್ತೆಂದು ನನಗೆ ಈಗಲೂ ಅನ್ನಿಸುತ್ತದೆ.

ತಮ್ಮ ವಾಣಿಯನ್ನು ಹೊಳೆಯ ಆಚೆಯವರೂ ಕೇಳುತ್ತಾರೆಂಬುದು ನಮಗೆ ಹೊಳೆಯಲಿಲ್ಲ. ಅವರ ಆಸ್ಪತ್ರೆ ಅವರ ಮನೆಬಾಗಿಲಲ್ಲೇ ಇದೆ. ನಮ್ಮ ಠಾಣೆಗೆ ತೆರಿಗೆ ಕಟ್ಟುವ ಉತ್ಸಾಹ ಅವರಿಗೆ ಎಂದೂ ಇರಲಿಲ್ಲ, ಓಟು ಹಾಕುವ ಉತ್ಸಾಹವೂ ಅಷ್ಟಾಗಿ ಇರಲಿಲ್ಲ. ತೆರಿಗೆ ಪಾಸಾಗಿಯೇ ಬಿಡುತ್ತದೆ ಎಂದು ತಾವು ಹೇಳಿದ್ದೇ ತಡ, ಅವರು ಮಂಗಳವಾರ ಮನೆಮಂದಿಯೆಲ್ಲ ಎದ್ದು ಬಂದರು. ತಮ್ಮನ್ನು ನಂಬಿ ನಾವು ಮನೆಯಲ್ಲಿ ಕೂತೆವು, ತಮ್ಮನ್ನೇ ನಂಬಿ ಅವರು ಹೊರಗೆ ಬಂದರು. ಒಂದೇ ನಾಲಿಗೆಯಿಂದ ಎರಡೂ ದಡದವರನ್ನು ಆಡಿಸಿದ ಕೀರ್ತಿ ತಮಗೆ ಮಾತ್ರ ಸಲ್ಲಬೇಕು.

ಪ್ರಶ್ನೆ ಸೋತಿತು. ನಮ್ಮ ಕಡೆ ಅಷ್ಟು ಜನ ಮುಂಗಡವಾಗಿ ಬಂದಿದ್ದರಲ್ಲ, ಅವರ ಓಟುಗಳಾದರೂ ಎಲ್ಲಿ ಹೋದವೆಂದು ಮಿರ್ನಾ ತಲೆ ಕೆಡಿಸಿಕೊಂಡು, ಮುಂದಿನ ಭಾನುವಾರ ಪ್ರಾರ್ಥನೆ ಮುಗಿದ ಮೇಲೆ ಚರ್ಚಿನ ಬಾಗಿಲಲ್ಲೇ ನಿಂತು ಬಂದವರನ್ನೆಲ್ಲ ವಿಚಾರಿಸಿದರು. “ಹಿಂದೆನೂ ಇತ್ತಾ?” ಎಂದರು ಒಬ್ಬರು. “ತಿರುಗಿಸ್ಬೇಕು ಅನ್ನೋಷ್ಟರಲ್ಲಿ ಡಿವಿಟ್ ಗಂಟೆ ಬಾರಿಸ್ಬಿಟ್ಟ ಕಣೇ” ಎಂದರು ಇನ್ನೊಬ್ಬರು. ಮಾಂಸ ಬೆಂದಾಗ ಸಗ್ಸ್ ಅವರು ಕಬ್ಬಿಣದ ಸರಳಿಗೆ ಬಡಿದು ಗಂಟೆ ಬಾರಿಸುವುದೂ, ಮೊದಲು ಬಂದವರಿಗೆ ಗರಿಗರಿ ಚರ್ಮ ಸಿಗುವುದೂ ನಮ್ಮಲ್ಲಿ ಹುಟ್ಟಿದ ಕೂಸಿಗೂ ಗೊತ್ತು. ಅಧ್ಯಕ್ಷರನ್ನು ಆರಿಸಿ, ಹಾಳೆ ಮಗುಚದೆ, ಓಟು ಎಣಿಸುವ ಯಂತ್ರದ ಬಾಯಿಗೆ ತುರುಕಿ ಅವರೆಲ್ಲ ಹಿತ್ತಿಲಿಗೆ ಓಡಿದ್ದರು. ಠಾಣೆಯನ್ನು ಉಳಿಸಲೆಂದು ಬೇಯಿಸಿದ ಹಂದಿಯೇ ಠಾಣೆಯನ್ನು ತಿಂದಿತು. ಸಗ್ಸ್ ಅವರು ಇದನ್ನು ಕೇಳಿದ ದಿನದಿಂದ ಯಾರ ಜೊತೆಗೂ ಸರಿಯಾಗಿ ಮಾತಾಡುತ್ತಿಲ್ಲ, ಆ ಸರಳನ್ನು ಕೈಯಾರೆ ಕಿತ್ತು ಹೊಳೆಗೆ ಎಸೆದಿದ್ದಾರೆ.

ತಾವು ಮಾತ್ರ ಎದೆಗುಂದಲಿಲ್ಲ. ಚುನಾವಣೆಯ ಮರುದಿನ ಬುಧವಾರ ಅದೇ ಕೋಟು, ಅದೇ ಬೆರಳು: “ಮುಂಗಡ ಮತದಾನ ಮೊದಲಿಂದ್ಲೂ ಇದನ್ನೇ ಸೂಚಿಸ್ತಿತ್ತು” ಎಂದಿರಿ. ಹಿಂದೆಂದೂ ತಪ್ಪದ, ಮುಂದೆಂದೂ ತಪ್ಪಲಾರದ ಇಂಥ ವಿದ್ಯೆಗೆ ನಾನು ಕೈಮುಗಿಯುತ್ತೇನೆ.

ಆದಕಾರಣ ತಮ್ಮಲ್ಲಿ ಕೆಲವು ಸಣ್ಣ ಬಿನ್ನಹಗಳಿವೆ. ಹೊಸ ವರ್ಷದಿಂದ ಠಾಣೆ ಇರುವುದಿಲ್ಲವಾದ್ದರಿಂದ, ಥರ್ಮನ್ನನ ಎದೆಯ ವಿಷಯದಲ್ಲೂ ಮುಂಗಡ ಸೂಚನೆಗಳನ್ನು ಓದಿ, ಅದು ಮುಂದೆ ಕೈಕೊಡುವುದು ಯಾವ ವಾರ ಎಂದು ತಾವು ಮೊದಲೇ ಪ್ರಕಟಿಸಬೇಕು. ನಾವು ಹಿಂದಿನ ದಿನವೇ ಆಂಬುಲೆನ್ಸನ್ನು ಈಚೆ ದಡಕ್ಕೆ ತರಿಸಿ ಅಂಗಳದಲ್ಲಿ ನಿಲ್ಲಿಸಿಕೊಳ್ಳುತ್ತೇವೆ. ಅಕಸ್ಮಾತ್ ಸೇತುವೆ ತೆರೆದಿರುವ ಹೊತ್ತಿನಲ್ಲೇ ನೋವು ಬಂದರೆ ತಮ್ಮ ಬೆರಳನ್ನು ನಕ್ಷೆಯ ಮೇಲಿಟ್ಟು ಎರಡೂ ದಡಗಳನ್ನು ಒಂದಿಷ್ಟು ಹತ್ತಿರಕ್ಕೆ ಎಳೆಯಬೇಕು. ಹಿಗ್ಗಿಸಲು ಬಲ್ಲವರಿಗೆ ಕುಗ್ಗಿಸುವುದು ಕಷ್ಟವಲ್ಲ. ಇವೆರಡೂ ಆಗದಿದ್ದರೆ ಮೂರನೆಯದು ಬಹಳ ಸುಲಭ: ಮುಂದಿನ ಚುನಾವಣೆಯಲ್ಲಿ ಉದ್ದನೆಯ ಸಾಲನ್ನು ಕಂಡಾಗ, ಅದು ಏನನ್ನು ಸೂಚಿಸುತ್ತದೆಂದು ಯಾರಾದರೂ ಕೇಳಿದರೆ, “ಜನ ಸಾಲಲ್ಲಿ ನಿಂತಿದ್ದಾರೆ” ಎಂದಷ್ಟೇ ಹೇಳಿ ಒಂದು ಗುಟುಕು ನೀರು ಕುಡಿಯಿರಿ. ನಾನು ಹೆದರಿದ್ದೇನೆ, ಸ್ವಾಮಿ. ಥರ್ಮನ್ ಕೆಮ್ಮಿದರೆ ಸಾಕು, ಅಡುಗೆಮನೆಯಲ್ಲಿದ್ದವಳು ಕೈಯಲ್ಲಿದ್ದದ್ದನ್ನು ಬಿಟ್ಟು ಓಡಿ ಬರುತ್ತೇನೆ.

ಇಂತಿ, ತಮ್ಮ ಮಾತಿನಲ್ಲಿ ಇಟ್ಟಿದ್ದ ವಿಶ್ವಾಸವನ್ನು ಪೂರ್ತಿ ಖರ್ಚು ಮಾಡಿಕೊಂಡೂ ತಮ್ಮ ವಿಶ್ವಾಸಿ ಎಂದೇ ಸಹಿ ಹಾಕುತ್ತಿರುವ,
ಓರ್ಲೀನ್ ಪಿಟ್‌ಮನ್
ಹೆರಿಂಗ್ ನೆಕ್

ಮರೆತ ಮಾತು: ಈ ಫಲಿತಾಂಶ ಏನನ್ನು ಸೂಚಿಸುತ್ತದೆಂದು ಕೇಳಲು ತಮ್ಮ ವಾಹಿನಿಯ ಹುಡುಗಿಯೊಬ್ಬಳು ಕ್ಯಾಮೆರಾ ಹೊತ್ತು ನಮ್ಮ ಮನೆಗೆ ಬಂದಿದ್ದಳು. ಒಳ್ಳೆಯ ಹುಡುಗಿ. ನಾನು ಅವಳನ್ನು ಸೇತುವೆಗೆ ಕರೆದೊಯ್ದೆ. ಹಾಯಿದೋಣಿಯೊಂದು ದಾಟುತ್ತಿತ್ತು, ಸೇತುವೆ ತಿರುಗಿ ನಿಂತಿತ್ತು, ದೋಣಿಯವನು ನಮಗೆ ಕೈಬೀಸಿದ. ಅವಳು ಕಾದಳು, ಕಾದಳು, ಕೊನೆಗೆ, “ಓರ್ಲೀನಮ್ಮಾ, ಆಂಬುಲೆನ್ಸ್ ಬಂದ್ರೂ ಹೀಗೇ ನಿಂತಿರ್ಬೇಕಾ?” ಎಂದು ಮೆಲ್ಲಗೆ ಕೇಳಿದಳು. ಎಲ್ಲವನ್ನೂ ಚಿತ್ರೀಕರಿಸಿಕೊಂಡು ಹೋದಳು. ಅಂದು ಸಂಜೆ ಥರ್ಮನ್ ಮತ್ತು ನಾನು ಟೀವಿಯ ಮುಂದೆ ಕೂತು ಕಾದೆವು. ಅದು ಬರಲಿಲ್ಲ, ತಾವು ಬಂದಿರಿ, ನಕ್ಷೆಯೂ ಬಂದಿತು. ನಮ್ಮ ಕೌಂಟಿಗೆ ಒಂದೇ ಬಣ್ಣ ಬಳಿದಿದ್ದಿರಿ. ಅದರಲ್ಲಿ ಹೊಳೆಯೇ ಇರಲಿಲ್ಲ.