ನಲವತ್ತೈದು ಸುತ್ತು

ಕುಶಾಲಪ್ಪನಿಗೆ ಕಷ್ಟ ಬಂದದ್ದು ಬಾಯಿಂದಲ್ಲ; ಬಾಯಿಯ ಎದುರು ಮೈಕು ಇದ್ದದ್ದರಿಂದ.

ಆ ವರ್ಷದ ಮಳೆಗಾಲಕ್ಕೆ ಮೊದಲು ಯಕ್ಷಗಾನ ಮೇಳದ ಜೊತೆ ಬೊಂಬಾಯಿಗೆ ಹೋಗಿದ್ದಾಗ ಅಲ್ಲಿಯ ಸಂಗೀತ ನಿರ್ದೇಶಕನೊಬ್ಬ ಅವನ ಚೆಂಡೆ ಕೇಳಿ ಸ್ಟುಡಿಯೋಗೆ ಕರೆಸಿಕೊಂಡಿದ್ದ. ನಲವತ್ತು ಪಿಟೀಲು, ಎರಡು ಗಿಟಾರು, ನಡುವೆ ಒಂದು ಚೆಂಡೆ. ಇಂಥ ಹಾಡು ಇನ್ನೂ ಯಾರೂ ಮಾಡಿಲ್ಲ, ಇದೊಂದು ಪ್ರಯೋಗ ಎಂದು ಅವನು ಕೈಬೀಸಿ ವಿವರಿಸಿದ್ದ. ಪಿಟೀಲಿನವರು ಪುಟ ತಿರುವುವ ಬಿಡುವಿನಲ್ಲಿ ಕುಶಾಲಪ್ಪ, ದುಭಾಷಿಯಾಗಿ ಬಂದಿದ್ದ ಗೆಳೆಯ ಧರ್ಣಪ್ಪನ ಕಡೆ ಬಾಗಿ ತುಳುವಿನಲ್ಲಿ ಒಂದು ಮಾತು ಹೇಳಿದ್ದ: "ನಮ್ಮ ಮುಂಡಪ್ಪ ಭಾಗವತರ ಸ್ವರ ಬಾವಿಗೆ ಬಿದ್ದ ಕೋಣದ ಹಾಗೆ. ನನ್ನ ಚೆಂಡೆಯಲ್ಲಿ ಅದು ಮುಚ್ಚಿಹೋಗುವುದರಿಂದ ಮೇಳ ನಡೀತದೆ."

ಹೇಳಿದವನು ಅದನ್ನು ಅಲ್ಲೇ ಮರೆತಿದ್ದ.

೧೯೬೬ರ ಅಕ್ಟೋಬರಿನ ಒಂದು ಬೆಳಿಗ್ಗೆ ಮೂಡಬಿದ್ರೆಯ ಮನೆಗೆ ಧರ್ಣಪ್ಪನ ಇನ್‌ಲ್ಯಾಂಡ್ ಕಾಗದ ಬಂತು. ಕುಶಾಲಪ್ಪ ಅವಸರದಲ್ಲಿ ಅದರ ಮಡಿಕೆಯನ್ನೇ ಹರಿದು, ಹರಿದ ತುಂಡನ್ನು ಜೇಬಿಗೆ ಹಾಕಿ, ನಿಂತಲ್ಲೇ ಓದಿದ. ಹಾಡಿನ ಪ್ಲೇಟು ಹೊರಬಂದಿದೆ. ನಟ್ಟನಡುವೆ ಪಿಟೀಲುಗಳೆಲ್ಲ ಒಮ್ಮೆಲೇ ನಿಲ್ಲುತ್ತವೆ. ಆಗ ಕುಶಾಲಪ್ಪನ ಸ್ವರ ಕೇಳುತ್ತದೆ. ಬಾವಿ, ಕೋಣ, ಭಾಗವತರು ಎಲ್ಲ ಉಂಟು. ನಿರ್ದೇಶಕರು ಅದನ್ನು ಚೆಂಡೆಯ ಮಂತ್ರ ಎಂದು ತಿಳಿದು ಭಕ್ತಿಯಿಂದ ಇಟ್ಟುಕೊಂಡಿದ್ದಾರೆ. ಊರವರೂ ಕೇಳಲಿ ಎಂದು ಬಂಟ್ವಾಳದ ಸುಧಾಕರನ ಹೋಟೆಲಿಗೆ ಒಂದು ಪ್ಲೇಟು ಕಳಿಸಿದ್ದೇನೆ.

ಮೇಳದಲ್ಲಿ ಭಾಗವತರು ಕೈಯಾರೆ ವೀಳ್ಯ ಕೊಟ್ಟರೆ ಮಾತ್ರ ಆ ವರ್ಷದ ತಿರುಗಾಟ. ವೀಳ್ಯ ಸಿಗದವನು ಆರು ತಿಂಗಳು ಮನೆಯ ಜಗಲಿಯಲ್ಲಿ. ಈ ಸಲ ಮುಖ್ಯ ಚೆಂಡೆಯ ವೀಳ್ಯ ನಿನಗೇ ಎಂದು ಮುಂಡಪ್ಪ ಭಾಗವತರು ಮಾತು ಕೊಟ್ಟಿದ್ದರು. ಅದನ್ನು ಕೊಡುವುದು ಈ ದಿನ, ಸಂಜೆ ನಾಲ್ಕಕ್ಕೆ, ಅದೇ ಸುಧಾಕರನ ಹೋಟೆಲಿನಲ್ಲಿ.

ಸಿದ್ಧಕಟ್ಟೆಯ ದಾರಿಯಾಗಿ ಹೋಗುವ ಬಸ್ಸು ಆ ದಿನ ಕೈ ಅಡ್ಡ ಹಿಡಿದವರಿಗೆಲ್ಲ ನಿಂತಿತು. ಒಬ್ಬ ಕೋಳಿ ಹತ್ತಿಸಿದ, ಇನ್ನೊಬ್ಬ ಕೋಳಿ ಹತ್ತಿಸುವ ಬಗ್ಗೆ ಕಂಡಕ್ಟರನ ಜೊತೆ ಚರ್ಚೆ ಮಾಡಿ ಹತ್ತಿಸದೆ ಹೋದ. ಬಂಟ್ವಾಳ ಮುಟ್ಟುವಾಗ ಮೂರೂವರೆ.

ಹೋಟೆಲಿನಲ್ಲಿ ಜನ ಗೋಡೆಗೆ ಅಂಟಿದ ಹಾಗೆ ನಿಂತಿದ್ದರು. ಹಣ ಎಣಿಸುವ ಗಲ್ಲೆಯ ಮೇಲೆ ಕಹಳೆಯ ಬಾಯಿ ತೆರೆದ ಹಳೆಯ ಗ್ರಾಮಫೋನು. ಅದರ ಎದುರು ಹರಿವಾಣದಲ್ಲಿ ವೀಳ್ಯದೆಲೆ. ಹರಿವಾಣದ ಹಿಂದೆ ಮುಂಡಪ್ಪ ಭಾಗವತರು. ಪಕ್ಕದಲ್ಲಿ ಎರಡನೆಯ ಚೆಂಡೆಯ ನೋಣಯ್ಯ, ಕುಶಾಲಪ್ಪನ ಜಾಗವನ್ನು ಮೂರು ವರ್ಷಗಳಿಂದ ಕಣ್ಣಲ್ಲೇ ಅಳೆಯುತ್ತಿದ್ದವನು.

"ಬಾ ಕುಶಾಲಾ," ಎಂದರು ಭಾಗವತರು. "ಮೊದಲು ನಿನ್ನ ಪ್ಲೇಟು, ಆಮೇಲೆ ವೀಳ್ಯ."

ಕುಶಾಲಪ್ಪ ಯಂತ್ರ ನೋಡುವ ನೆಪದಲ್ಲಿ ಸೂಜಿಯ ಡಬ್ಬಿಯನ್ನು ಎತ್ತಿ ಸೊಂಟದ ಮಡಿಕೆಗೆ ಸೇರಿಸಿದ. ಸುಧಾಕರ ಗಲ್ಲೆಯ ಒಳಗಿನಿಂದ ಇನ್ನೊಂದು ಡಬ್ಬಿ ತೆಗೆದ. ಮೊದಲಿನ ಡಬ್ಬಿಯ ಮುಚ್ಚಳ ಸೊಂಟದಲ್ಲೇ ಬಿಚ್ಚಿಕೊಂಡಿತು. ಆಮೇಲೆ ಕುಶಾಲಪ್ಪ ಹೇಗೆ ನಿಂತರೂ ನೇರವಾಗಿ ನಿಂತ ಹಾಗೆ ಆಗಲಿಲ್ಲ.

ಇನ್ನು ಉಳಿದದ್ದು ಒಂದೇ ದಾರಿ. ಗೇಣಗಲದ ಆ ಸಣ್ಣ ಪ್ಲೇಟನ್ನು ಎಲ್ಲರಿಗೂ ತೋರಿಸುವವನಂತೆ ಎತ್ತಿ ಹಿಡಿದು, ಕೈಜಾರಿದವನಂತೆ ಕಲ್ಲಿನ ನೆಲಕ್ಕೆ ಬಿಟ್ಟ. ಅವನು ಕಂಡ ಪ್ಲೇಟುಗಳೆಲ್ಲ ಹಪ್ಪಳದಂತೆ ಒಡೆಯುವಂಥವು. ಇದು ಕಪ್ಪೆಯ ಹಾಗೆ ಒಮ್ಮೆ ಹಾರಿ, ಉರುಳಿಕೊಂಡು ಭಾಗವತರ ಪಾದದ ಬಳಿ ಮಲಗಿತು.

"ಪ್ಲಾಸ್ಟಿಕ್," ಎಂದ ಸುಧಾಕರ ಹೆಮ್ಮೆಯಿಂದ. "ಹೊಸ ನಮೂನೆ. ಆನೆ ಮೆಟ್ಟಿದರೂ ಒಡೆಯುವುದಿಲ್ಲ ಮಾರಾಯ."

ಪ್ಲೇಟಿನ ನಡುವೆ ಬೆಳ್ಳಿ ರೂಪಾಯಿಯಷ್ಟು ದೊಡ್ಡ ತೂತು ಇತ್ತು. ಯಂತ್ರದ ಕಡ್ಡಿ ಪೆನ್ಸಿಲಿಗಿಂತ ತೆಳು. ಕುಶಾಲಪ್ಪನಿಗೆ ಉಸಿರು ಬಂತು. ಹೋಟೆಲಿಗೆ ಬಾಳೆಎಲೆ ತರುವ ಪಾತುಮ್ಮ ಹತ್ತಿರ ಬಂದು ನೋಡಿದಳು. "ಇದೇನು, ಇಲಿ ಕೊರೆದದ್ದಾ?" ಎಂದವಳು ಬಾಳೆದಿಂಡಿನ ಒಂದು ಬಿಲ್ಲೆ ಕೊಯ್ದು, ನಡುವೆ ಚುಚ್ಚಿ, ತೂತಿಗೆ ಕೂರಿಸಿಯೇ ಬಿಟ್ಟಳು. ಬೊಂಬಾಯಿಯ ಇಂಜಿನಿಯರನೂ ಅಷ್ಟು ಸರಿಯಾಗಿ ಕೂರಿಸುತ್ತಿರಲಿಲ್ಲ.

ಸುಧಾಕರ ಲೇಬಲನ್ನು ಓದಿ ಹೇಳಿದ. ನಿರ್ದೇಶಕನ ಹೆಸರು ಉಂಟು. ಕೆಳಗೆ 'ಜಾನಪದ ಡೋಲಿನೊಂದಿಗೆ' ಎಂದು ಉಂಟು. ಕುಶಾಲಪ್ಪನ ಹೆಸರು ಇಲ್ಲ. ಬದಿಯಲ್ಲಿ ನಲವತ್ತೈದು ಎಂದು ಬರೆದಿದೆ, ಅಂದರೆ ನಲವತ್ತೈದು ಜನ ನುಡಿಸಿದ್ದಾರೆ. ಹೀಗೆಂದು ಅವನು ಕೀಲಿ ತಿರುಗಿಸಿ ಸೂಜಿ ಇಳಿಸಿದ.

ಬೆವರು ಒರೆಸಲು ಜೇಬಿಗೆ ಕೈಹಾಕಿದ ಕುಶಾಲಪ್ಪನಿಗೆ ಕರವಸ್ತ್ರದ ಬದಲು ಕಾಗದದ ಹರಿದ ಮಡಿಕೆ ಸಿಕ್ಕಿತು. ಅದರಲ್ಲೂ ಧರ್ಣಪ್ಪನ ಅಕ್ಷರ ಇತ್ತು: 'ಇದು ನಿಮಿಷಕ್ಕೆ ನಲವತ್ತೈದು ಸುತ್ತಿನ ಪ್ಲೇಟು. ಸುಧಾಕರನ ಹಳೆಯ ಯಂತ್ರ ಎಪ್ಪತ್ತೆಂಟು ಸುತ್ತು ತಿರುಗುತ್ತದೆ. ಹಾಗೇ ಇಟ್ಟರೆ ಕೆಟ್ಟು ಕೇಳೀತು. ಅಂಚಿಗೆ ಬೆರಳು ತಾಗಿಸಿ ನಿಧಾನ ಮಾಡಲು ಹೇಳು.'

ಅಷ್ಟರಲ್ಲಿ ಕಹಳೆಯಿಂದ ಪಿಟೀಲುಗಳು ಕಣಜದ ಹುಳದ ಹಾಗೆ ಎದ್ದವು. ಚೆಂಡೆ, ಕಾದ ಬಾಣಲೆಯಲ್ಲಿ ಸಾಸಿವೆ ಸಿಡಿದ ಹಾಗೆ. ನಡುವೆ ಎಲ್ಲ ಒಮ್ಮೆಲೇ ನಿಂತಿತು. ಕುಶಾಲಪ್ಪ ಕಣ್ಣು ಮುಚ್ಚಿದ. ಕಹಳೆಯೊಳಗಿಂದ ಒಂದು ಅಳಿಲು ಚಿಂವ್ ಚಿಂವ್ ಎಂದು ಏನೋ ದೂರಿ ಹೋಯಿತು. ಮತ್ತೆ ಪಿಟೀಲು.

ಯಾರಿಗೂ ಒಂದಕ್ಷರ ತಿಳಿಯಲಿಲ್ಲ. ಕುಶಾಲಪ್ಪ ಕಾಗದದ ತುಂಡನ್ನು ಬಾಯಿಗೆ ಹಾಕಿ, ಎದುರಿಗಿದ್ದ ಯಾರದೋ ಚಹಾದ ಜೊತೆ ನುಂಗಿದ.

ಪ್ಲೇಟು ಮುಗಿದಾಗ ಭಾಗವತರ ಕಣ್ಣು ಒದ್ದೆಯಾಗಿತ್ತು. ನಲವತ್ತು ವರ್ಷದಲ್ಲಿ ಇಂಥ ಕೈ ಕೇಳಿಲ್ಲ ಎಂದರು. ಗೋಡೆಗೆ ಒರಗಿದ್ದ ಮೇಳದ ಚೆಂಡೆಯನ್ನು ಎಳೆಸಿ, ಯುದ್ಧದ ಪದಕ್ಕೆ ಇದೇ ವೇಗ ಬೇಕು, ಒಂದು ಗಳಿಗೆ ಬಾರಿಸಿ ತೋರಿಸು ಎಂದರು.

ಕುಶಾಲಪ್ಪ ಬಾರಿಸಿದ. ಮನುಷ್ಯನ ಕೈ ಹೋಗುವಷ್ಟೂ ಹೋಯಿತು. ಪ್ಲೇಟು ಅದರ ಒಂದೂಮುಕ್ಕಾಲು ಪಾಲು ಓಡಿತ್ತು. ಒಂದು ಕೋಲು ಹಾರಿ ಸಾಂಬಾರಿನ ಪಾತ್ರೆಗೆ ಬಿತ್ತು. ಸೊಂಟದ ಸೂಜಿಗಳೂ ತಮ್ಮ ಕೆಲಸ ಮಾಡಿದವು.

ನೋಣಯ್ಯ ಮೆಲ್ಲಗೆ ಕೆಮ್ಮಿದ. "ಪ್ಲೇಟಿನಲ್ಲಿ ಹೆಸರೂ ಇಲ್ಲ ಭಾಗವತರೇ."

ಭಾಗವತರು ಹರಿವಾಣವನ್ನು ತಮ್ಮ ಕಡೆಗೆ ಎಳೆದುಕೊಂಡರು.

"ಇದು ನೀನೇ ಬಾರಿಸಿದ್ದು ಅನ್ನುವುದಕ್ಕೆ ಒಂದು ಗುರುತಾದರೂ ಉಂಟಾ, ಕುಶಾಲಾ? ಹೆಸರು ಬೇಡ. ನಿನ್ನ ಸ್ವರವಾದರೂ ಉಂಟಾ ಅದರಲ್ಲಿ?"

ಕುಶಾಲಪ್ಪ ಪ್ಲೇಟಿನ ಅಂಚನ್ನು ನೋಡಿದ. ಒಂದು ಬೆರಳು ತಾಗಿಸಿದರೆ ಸಾಕಿತ್ತು. ಆ ಬೆರಳನ್ನು ಮಡಚಿ ಮುಷ್ಟಿಯೊಳಗೆ ಇಟ್ಟುಕೊಂಡ.

"ಇಲ್ಲ ಭಾಗವತರೇ," ಎಂದ. "ನನ್ನ ಸ್ವರ ಇಲ್ಲ."

ವೀಳ್ಯ ನೋಣಯ್ಯನ ಕೈಗೆ ಹೋಯಿತು, ಎರಡನೆಯ ಚೆಂಡೆಗೆ. ಮುಖ್ಯ ಚೆಂಡೆಯ ವೀಳ್ಯವನ್ನು ಭಾಗವತರು ಒದ್ದೆ ಬಟ್ಟೆಯಲ್ಲಿ ಸುತ್ತಿ ತೆಗೆದಿಟ್ಟರು.

"ನಿನ್ನ ಮೇಲೆ ಸಿಟ್ಟಿಲ್ಲ," ಎಂದರು. "ಬೊಂಬಾಯಿಗೆ ಒಂದು ಕಾಗದ ಬರೆ. ಆ ಚೆಂಡೆಯವನು ಯಾರೆಂದು ಧರ್ಣಪ್ಪ ಹುಡುಕಲಿ. ಅವನು ಬರುವವರೆಗೆ ಈ ಜಾಗ ಯಾರಿಗೂ ಕೊಡುವುದಿಲ್ಲ."

ಸುಧಾಕರ ಗಲ್ಲೆಯ ಅಡಿಯಿಂದ ಒಂದು ಇನ್‌ಲ್ಯಾಂಡ್ ತೆಗೆದು ಕುಶಾಲಪ್ಪನ ಎದುರು ಇಟ್ಟ.

"ಎಲ್ಲ ವಿವರವಾಗಿ ಬರೆ," ಎಂದ. "ಸಾಲದಿದ್ದರೆ ಮಡಿಕೆಯಲ್ಲೂ ಜಾಗ ಉಂಟು."