ಗೇರ್ ಬಾಕ್ಸಿಗೆ ಉಡಿ ತುಂಬಿದ್ದು

"ರಾಮಥಾಳದಾಗ ಹೊಳಿ ನೀರನ್ನ ದಿನ್ನಿ ಹತ್ತಿಸಿದವರು ನಾವು. ಒಂದು ಕಾರು ರಸ್ತೇಕ್ಕ ಇಳಸೂದು ಏನು ದೊಡ್ಡ ಮಾತು?"

ಪಂಢರೀನಾಥರು ಹೀಗೆ ಘೋಷಿಸಿದಾಗ ಅವರ ಹೆಂಡತಿ ಅನಸೂಯಾಬಾಯಿ ಮೆಂತ್ಯೆಸೊಪ್ಪು ಸೋಸುತ್ತಿದ್ದರು. ನೀರು ಹತ್ತಿಸಿದವರು ಇಂಜಿನಿಯರರು. ತಮ್ಮ ಯಜಮಾನರು ಆ ಏತ ನೀರಾವರಿ ಕಚೇರಿಯಲ್ಲಿ ಕೂತು ಟಪಾಲು ಹಂಚಿ ನಿವೃತ್ತರಾದವರು ಎಂಬುದು ಆಕೆಗೆ ಗೊತ್ತಿಲ್ಲದ್ದೇನಲ್ಲ. ಆದರೂ ಸೊಪ್ಪು ಸೋಸುವುದನ್ನೇ ಮುಂದುವರಿಸಿದರು. ನಿವೃತ್ತನಾದ ಗಂಡ ಅಡುಗೆಮನೆಗೆ ಬಂದು ಒಗ್ಗರಣೆಯ ಬಗ್ಗೆ ಸಲಹೆ ಕೊಡುವುದಕ್ಕಿಂತ ಕಾರಿನ ಕೆಳಗೆ ಮಲಗಿರುವುದು ಎಷ್ಟೋ ವಾಸಿ.

ಕಾರು ಬಾದಾಮಿಯಲ್ಲಿ ಡಾಕ್ಟರಾಗಿದ್ದ ಅವರ ಕಾಕಾನದು. ಎರಡೇ ಸೀಟು, ತಲೆಯ ಮೇಲೆ ಚಾವಣಿಯಿಲ್ಲ, ನೆಲಕ್ಕೆ ಹೊಟ್ಟೆ ತಾಗುವಷ್ಟು ಗಿಡ್ಡ. ವಿಲಾಯತಿಯಲ್ಲಿ ಓಟದ ಪಂದ್ಯಕ್ಕೆಂದೇ ಹುಟ್ಟಿದ ಜಾತಿ ಎಂದು ಕಾಕಾ ಹೇಳುತ್ತಿದ್ದರು. ಅಂಥ ಕುಲೀನ ವಾಹನ ಕಾಕಾ ಹೋದ ಮೇಲೆ ಕೊಟ್ಟಿಗೆಯಲ್ಲಿ ಹೊಟ್ಟಿನ ಚೀಲ ಹೊತ್ತುಕೊಂಡು ನಿಂತಿತ್ತು! ಟ್ರ್ಯಾಕ್ಟರಿನ ಟ್ರಾಲಿ ಏರಿ ಬಾಗಲಕೋಟೆಯ ನವನಗರಕ್ಕೆ ಬಂದಿಳಿದಾಗ ಅದರ ಡಿಕ್ಕಿಯಿಂದ ಒಂದು ಬೆಕ್ಕಿನ ಸಂಸಾರವೇ ಹೊರಬಿತ್ತು.

ಈ ಹಠಕ್ಕೆ ಕಾರಣವಿತ್ತು. ಇವರ ಮದುವೆಯಾದದ್ದು ಗುಳೇದಗುಡ್ಡದಲ್ಲಿ, ಅನಸೂಯಾಬಾಯಿಯ ತವರಿನಲ್ಲಿ. ಮದುಮಗಳು ಈ ಕಾರಿನಲ್ಲೇ ಗಂಡನ ಮನೆಗೆ ಬರುತ್ತಾಳೆಂದು ಊರೆಲ್ಲ ಸಾರಿಯಾಗಿತ್ತು. ಅಂದು ಕಾರು ಜಪ್ಪಯ್ಯ ಅಂದರೂ ಚಾಲೂ ಆಗಲಿಲ್ಲ. ಮದುಮಗಳು ಕೆಂಪು ಬಸ್ಸಿನಲ್ಲಿ, ಕಿಟಕಿಯ ಸರಳಿಗೆ ಬಾಸಿಂಗ ಬಡಿಸಿಕೊಳ್ಳುತ್ತ ಬಂದಳು. ಆಕೆ ಅದನ್ನು ಒಮ್ಮೆಯೂ ಆಡಿ ತೋರಿಸಲಿಲ್ಲ. ಆಡಿ ತೋರಿಸಿದ್ದರೆ ಪಂಢರೀನಾಥರಿಗೆ ಎಷ್ಟೋ ಹಗುರಾಗುತ್ತಿತ್ತು.

"ಮೊದಲನೇ ಸವಾರಿ ನಿನ್ನ ತವರಮನಿಗೇ," ಎಂದು ಅವರು ಮಾತು ಕೊಟ್ಟರು. "ನೀ ಕೂಡೂತನಕ ಆ ಬಾಜೂ ಸೀಟಿನಾಗ ಯಾರೂ ಕೂಡಂಗಿಲ್ಲ."

ಹಳೇ ಪ್ಯಾಟಿಯ ಮೆಕ್ಯಾನಿಕ್ ಅಹ್ಮದಸಾಬ ಬಂದ. ಬಾನೆಟ್ಟು ಎತ್ತಿ, ಮೂಸಿ, ಇಂಜಿನ್ ಭಾಳ ಚಲೋ ಅದ, ಓಡೂದೊಂದೇ ಇಲ್ಲ ಎಂದು ಅಭಯ ಕೊಟ್ಟ. ಅಂದಿನಿಂದ ಮನೆ ಮನೆಯಾಗಿ ಉಳಿಯಲಿಲ್ಲ. ದೇವರ ಮನೆಯ ಮುಂದೆ ಪಿಸ್ಟನ್ನು, ಹಪ್ಪಳದ ಡಬ್ಬಿಯಲ್ಲಿ ನಟ್ಟು ಬೋಲ್ಟು. ಮಸಿ ಬಿಡಲೆಂದು ಪಂಢರೀನಾಥರು ಕಾರ್ಬುರೇಟರನ್ನು ಲಿಂಬೆಹಣ್ಣಿನ ನೀರಿನಲ್ಲಿ ಕುದಿಸಿದರು. ಕುದಿಸಿದ್ದು ಸಾರಿನ ಪಾತ್ರೆಯಲ್ಲಿ! ಆ ವಾರವೆಲ್ಲ ಸಾರಿಗೆ ಇಂಗಿನ ಬದಲು ಪೆಟ್ರೋಲಿನ ವಾಸನೆ. ಅನಸೂಯಾಬಾಯಿ ಹೊಸ ಪಾತ್ರೆ ತಂದು, ಹಳೆಯದನ್ನು ಗಂಡನಿಗೇ ದಾನ ಮಾಡಿದರು.

ಒಂದು ದಿನ ಗೇರ್ ಬಾಕ್ಸು ಬಿಚ್ಚಿದಾಗ ಕರಿ ಎಣ್ಣೆ ಧಾರಾಕಾರವಾಗಿ ಇಳಿಯಿತು. ಕಾರಿನ ಕೆಳಗಿಂದ ಅಹ್ಮದಸಾಬ ಅರಿವಿ ಬೇಕು, ಜಲ್ದಿ ಬೇಕು ಎಂದು ಕೂಗಿದ. ಅನಸೂಯಾಬಾಯಿ ಮಠಕ್ಕೆ ಹೋಗಿದ್ದರು. ಮನೆಯ ಹಳೇ ಧೋತರಗಳೆಲ್ಲ ಆಗಲೇ ಕಾರಿನ ಸೇವೆಯಲ್ಲಿ ವೀರಮರಣ ಹೊಂದಿದ್ದವು. ಪಂಢರೀನಾಥರು ಒಳಗೆ ಓಡಿ ಹೆಂಡತಿಯ ಟ್ರಂಕು ತೆರೆದರು. ತುಂಬ ಖಣಗಳು!

ಖಣವೆಂದರೆ ಗುಳೇದಗುಡ್ಡದ ಮಗ್ಗದಲ್ಲಿ ನೇಯುವ ಕುಬಸದ, ಅಂದರೆ ರವಿಕೆಯ, ಬಟ್ಟೆ. ಈ ಕಡೆ ಮುತ್ತೈದೆ ಯಾರ ಮನೆಗೆ ಹೋದರೂ ಅಕ್ಕಿ, ಕೊಬ್ಬರಿಯ ಜೊತೆ ಒಂದು ಖಣ ಇಟ್ಟು ಉಡಿ ತುಂಬಬೇಕು. ಅದು ಟ್ರಂಕಿಗೆ ಹೋಗಿ, ಟ್ರಂಕಿನಿಂದ ಇನ್ನೊಬ್ಬಳ ಉಡಿಗೆ ಹೋಗುತ್ತದೆ. ಹೊಲಿಸಿಕೊಳ್ಳುವವರು ಕಡಿಮೆ. ಕೆಲವು ಖಣಗಳು ಊರೆಲ್ಲ ತಿರುಗಾಡಿ ಹೊರಟ ಮನೆಗೇ ವಾಪಸು ಬರುವುದೂ ಉಂಟು. ಹೀಗೆ ಸುಮ್ಮನೆ ಅಲೆಯುವುದರ ಬದಲು ಒಂದು ಖಣ ದೇಶದ ಕೆಲಸಕ್ಕೆ ಬಂದರೆ ತಪ್ಪೇನು ಎಂದುಕೊಂಡು, ತಳದಲ್ಲಿದ್ದ ದಾಳಿಂಬೆ ಬಣ್ಣದ ಒಂದನ್ನು ಎಳೆದು ಕಾರಿನ ಕೆಳಗೆ ಚಾಚಿದರು. ಗೇರ್ ಬಾಕ್ಸಿನ ಉಡಿ ತುಂಬಿತು.

ಕೆಲವು ದಿನಗಳ ಮೇಲೆ ಕಾರು ಗುಡುಗಿ ಚಾಲೂ ಆಯಿತು. ಓಣಿಯ ನಾಯಿಗಳೆಲ್ಲ ಓಡಿಹೋದವು. ಸಂಜೆ ಚಹಾ ಕೊಡುತ್ತ ಅನಸೂಯಾಬಾಯಿ ಸೆರಗಿನಿಂದ ಕಣ್ಣೊರೆಸಿಕೊಂಡರು.

"ಅವ್ವ ಇದ್ದಿದ್ರ ಭಾಳ ಖುಷಿ ಪಡ್ತಿದ್ಲು," ಎಂದರು. "ಕಡೀಕ ನಾ ಹೋದಾಗ ಏಳಲಿಕ್ಕೆ ಆಗತಿರಲಿಲ್ಲ ಆಕೀಗೆ. ಹಾಸಗಿ ಮ್ಯಾಲೆ ಕೂತು, ನಡಗೂ ಕೈಯಿಂದ ಉಡಿ ತುಂಬಿದ್ಲು. ದಾಳಿಂಬಿ ಬಣ್ಣದ ಖಣ. ಅದ ಕಡೀದು."

ಪಂಢರೀನಾಥರು ಚಹಾ ಕೆಳಗಿಟ್ಟರು. ಆ ಖಣ ಈಗ ಎಲ್ಲಿದೆ ಎಂದು ಕೇಳಲು ಧೈರ್ಯವಾಗಲಿಲ್ಲ. ಎಲ್ಲಿದೆ ಎಂದು ತಮಗೆ ಗೊತ್ತಿದೆಯಲ್ಲ! ಆಕೆ ಒಳಗೆ ಹೋದದ್ದೇ ತಡ, ಕಸದ ಬುಟ್ಟಿ ತಡಕಾಡಿದರು. ಅದು ಸಿಕ್ಕಿತು, ಕರಿ ಎಣ್ಣೆ ಕುಡಿದು ಬಿರುಸಾಗಿ, ಹೊತ್ತಿದ ರೊಟ್ಟಿಯ ಹಾಗೆ. ಕದ್ದುಮುಚ್ಚಿ ಸಬಕಾರ ಹಚ್ಚಿ ತಿಕ್ಕಿದರು. ಬಣ್ಣ ಹೋಯಿತು, ಎಣ್ಣೆ ಹೋಗಲಿಲ್ಲ. ಮದುವೆ ದಿನದ ಬಸ್ಸಿನದೊಂದೇ ಸಾಲದೆಂದು ಈಗ ಇದೂ ಸೇರಿತಲ್ಲ ಎಂದುಕೊಂಡರು. ಗುಳೇದಗುಡ್ಡಕ್ಕೆ ಹೋಗಿ ಅಂಥದೇ ಖಣ ತಂದು, ಸದ್ದಿಲ್ಲದೆ ಟ್ರಂಕಿನ ತಳಕ್ಕೆ ಸೇರಿಸುವುದೆಂದು ನಿರ್ಧಾರವಾಯಿತು.

ಮರುದಿನ ಬೆಳಿಗ್ಗೆ ಅವರು ಕಾರು ಹೊರಗೆ ತೆಗೆಯುವಷ್ಟರಲ್ಲಿ ಅನಸೂಯಾಬಾಯಿ ತಲೆ ಬಾಚಿ, ಹೂ ಮುಡಿದು ಬಾಗಿಲಿಗೆ ಬಂದಿದ್ದರು. ನಾನೂ ಬರ್ಲೇನು ಎಂದು ಕೇಳಿದರು. ಪಂಢರೀನಾಥರು ಸ್ಟೇರಿಂಗಿನ ಕಡೆ ಮುಖ ಮಾಡಿ, ಇವತ್ತು ಬರೇ ಬ್ರೇಕ್ ನೋಡಿಕೊಂಡು ಬರ್ತೇನಿ, ನೀ ಬ್ಯಾಡ ಎಂದುಬಿಟ್ಟರು. ಹೆಂಡತಿಗೆಂದು ಕಾಯ್ದಿರಿಸಿದ ಸೀಟು ದಾರಿಯುದ್ದಕ್ಕೂ ಖಾಲಿಯಾಗಿ ಅವರನ್ನೇ ನೋಡುತ್ತಿತ್ತು.

ಗುಳೇದಗುಡ್ಡದಲ್ಲಿ ಮಗ್ಗವಿದ್ದ ಮನೆಮನೆಗೂ ಹೊಕ್ಕರು. ದಾಳಿಂಬೆ ಬಣ್ಣವೆಂದರೆ ಯಾವ ದಾಳಿಂಬೆ, ಯಾವ ಹೂವು, ಎಂಥ ಅಂಚು ಎಂದು ಕೇಳಿದರೆ ಇವರಿಗೇನು ಗೊತ್ತು? ಕಣ್ಣಿಗೆ ಹತ್ತಿರವೆನಿಸಿದ್ದೊಂದನ್ನು ಕೊಂಡು ಖಾಲಿ ಸೀಟಿನ ಮೇಲಿಟ್ಟು ಹೊರಟರು. ಊರ ಹೊರಗಿನ ಇಳಿಜಾರಿನಲ್ಲಿ ಬ್ರೇಕ್ ಒತ್ತಿದರು. ಬ್ರೇಕ್ ಹಿಡಿಯಿತು. ಹಿಡಿದದ್ದು ಬಿಡಲೇ ಇಲ್ಲ!

ಕುರಿ ತುಂಬಿದ ಟ್ರಾಲಿ ಎಳೆದುಕೊಂಡು ಬರುತ್ತಿದ್ದ ಟ್ರ್ಯಾಕ್ಟರಿನ ಚಾಲಕ ಗುರಲಿಂಗಪ್ಪ ನಿಂತ. ಗಾಲಿ ತಿರುಗದ ಮೇಲೆ ಹಗ್ಗ ಕಟ್ಟಿ ಎಳೆಯುವ ಮಾತಿಲ್ಲ. ದಾರಿಹೋಕರೆಲ್ಲ ಸೇರಿ, ಹಲಗೆ ಹಚ್ಚಿ, ಓಟದ ಕುದುರೆಯನ್ನು ಪಂಢರೀನಾಥರ ಸಮೇತ ಟ್ರಾಲಿಗೆ ಎತ್ತಿ ಜಾರಿಸಿದರು. ಕುರಿಗಳು ಸರಿದು ಜಾಗ ಕೊಟ್ಟವು. ಒಂದು ಟಗರು ಮಾತ್ರ ಸರಿಯಲು ಜಾಗವಿಲ್ಲದೆ ಬಾಜೂ ಸೀಟಿಗೆ ಹಾರಿ, ಗಂಭೀರವಾಗಿ ಮುಂದೆ ನೋಡುತ್ತ ಕೂತುಬಿಟ್ಟಿತು. ಪಂಢರೀನಾಥರು ಬೇಡಿಕೊಂಡರು, ಗದರಿದರು. ಅದು ಕಿವಿಯನ್ನೂ ಅಲ್ಲಾಡಿಸಲಿಲ್ಲ.

ಆ ಮೆರವಣಿಗೆ ನವನಗರ ಮುಟ್ಟಿದಾಗ ಓಣಿಯ ಜನವೆಲ್ಲ ಗೇಟಿಗೆ ಬಂದು ನಿಂತಿತ್ತು. ಅನಸೂಯಾಬಾಯಿಯೂ ನಿಂತಿದ್ದರು. ಗಂಡನನ್ನು ನೋಡಿದರು, ಗಂಡನ ಪಕ್ಕದ ಟಗರನ್ನು ನೋಡಿದರು.

"ಬ್ರೇಕ್ ಹೆಂಗದಾವ್ರಿ?"

"ಭಾಳ ಚಲೋ ಹಿಡೀತಾವ. ಬಿಡೂದೊಂದು ಕಲೀಬೇಕು."

ಆಕೆಯ ಕಣ್ಣು ಟಗರಿನ ಬಾಯಿಯ ಮೇಲೆ ನಿಂತಿತ್ತು. ಅಲ್ಲಿಂದ ದಾಳಿಂಬೆ ಬಣ್ಣದ್ದೇನೋ ಇಳಿಬಿದ್ದಿತ್ತು. ಆಕೆ ಟ್ರಾಲಿಯ ಹತ್ತಿರ ಬಂದು ಕೈ ಚಾಚಿ ಎಳೆದರು. ಮೂಲೆ ಕಡಿದ ಹೊಸ ಖಣ ಹೊರಗೆ ಬಂತು.

ಇನ್ನು ಮುಚ್ಚಿಡಲು ಏನೂ ಉಳಿದಿರಲಿಲ್ಲ. ಪಂಢರೀನಾಥರು ಟ್ರಾಲಿಯಿಂದ ಇಳಿದರು. "ನಿಮ್ಮವ್ವನ ಕಡೀ ಖಣ ನಾ ಗೇರ್ ಬಾಕ್ಸ್ ಒರಸಲಿಕ್ಕೆ ಕೊಟ್ಟೆ, ಅನಸೂಯಾ. ಗೊತ್ತಿರಲಿಲ್ಲ. ಅಂಥಾದ್ದೇ ತರಬೇಕಂತ ಹೋಗಿದ್ದೆ. ತಪ್ಪಾತು." ಗುರಲಿಂಗಪ್ಪ ಬೇರೆ ಕಡೆ ಮುಖ ತಿರುಗಿಸಿ ಕುರಿ ಎಣಿಸತೊಡಗಿದ.

ಅನಸೂಯಾಬಾಯಿ ಖಣದ ಕಡಿದ ಮೂಲೆಯನ್ನು ಬೆರಳಿನಿಂದ ನೇರ ಮಾಡಿದರು.

"ಟ್ರಂಕಿನ ತಳದಾಗಿದ್ದದ್ದು ನಿಮ್ಮ ತಂಗಿ ಕೊಟ್ಟದ್ದು," ಎಂದರು. "ಅವ್ವ ಕೊಟ್ಟದ್ದನ್ನ ಯಾರರೆ ಟ್ರಂಕಿನಾಗ ಇಡ್ತಾರೇನ್ರಿ? ಆಗಲೇ ಹೊಲಿಸಿ ತೊಡಲಿಕ್ಹತ್ತೇನಿ. ತವರಿಗೆ ಹೊಂಟೇವಿ ಅಂತ ತಿಳದು ಇವತ್ತೂ ಅದನ್ನ ತೊಟ್ಟೇನಿ."

ಪಂಢರೀನಾಥರು ಆಕೆ ತೊಟ್ಟ ಕುಬಸವನ್ನು ನೋಡಿದರು. ಒಗೆದು ಒಗೆದು ದಾಳಿಂಬೆ ಬಣ್ಣ ಉಳ್ಳಾಗಡ್ಡೆ ಸಿಪ್ಪೆಯ ಬಣ್ಣಕ್ಕೆ ಬಂದಿತ್ತು, ತೋಳಿನ ಹತ್ತಿರ ಒಂದು ತೇಪೆ. ಮಗ್ಗ ಮಗ್ಗಕ್ಕೂ ಹೋಗಿ ಅವರು ಅಂಗಲಾಚಿದ ಖಣ ಅಂದು ಬೆಳಿಗ್ಗೆ ಅವರಿಗೆ ಚಹಾ ತಂದುಕೊಟ್ಟಿತ್ತು. ನಾನೂ ಬರ್ಲೇನು ಎಂದು ಕೇಳಿತ್ತು. ಬೇಡವೆನಿಸಿಕೊಂಡು ಬಾಗಿಲಲ್ಲಿ ನಿಂತಿತ್ತು.

ಅನಸೂಯಾಬಾಯಿ ಹೊಸ ಖಣವನ್ನು ಝಾಡಿಸಿ ಹೆಗಲಿಗೆ ಹಚ್ಚಿಕೊಂಡರು.

"ಇದು ನನಗ ಒಪ್ಪತದೇನು?" ಎಂದರು. "ಕಾರ್ ಕಡೆ ಅಲ್ರಿ, ಇತ್ತಾಗ ನೋಡಿ ಹೇಳ್ರಿ."