ಎರಡು ಸಲ ಸುಮ್ಮನಾದ ಅತ್ತೆ

ನಮ್ಮ ಅತ್ತೆ ಬಾಯಿ ಮುಚ್ಚಿದ್ದನ್ನು ಕಂಡವರು ಹಾನಗಲ್ಲು, ಹಿರೇಕೆರೂರು, ಶಿಗ್ಗಾಂವ, ಸವಣೂರು, ಈ ನಾಲ್ಕೂ ತಾಲೂಕುಗಳಲ್ಲಿ ಹುಡುಕಿದರೂ ಸಿಗಲಿಕ್ಕಿಲ್ಲ. ನಾನು ಕಂಡಿದ್ದೇನೆ. ಅದೂ ಎರಡು ಸಲ! ನಂಬಿಕೆ ಬಾರದವರು ಕೊನೆಯವರೆಗೆ ಕೇಳಿ, ಆಮೇಲೆ ಮಾತಾಡೋಣ.

ಅತ್ತೆ ಎಂದರೆ ನನ್ನ ಮಾವನವರ ಅಕ್ಕ. ಸಣ್ಣ ವಯಸ್ಸಿನಲ್ಲಿಯೇ ಗಂಡನನ್ನು ಕಳೆದುಕೊಂಡು ಅಕ್ಕಿಆಲೂರಿನ ತವರಿಗೆ ಬಂದವಳು. ನಾನು ಮದುವೆಯಾಗಿ ಆ ಮನೆಯ ಹೊಸ್ತಿಲು ದಾಟಿದಾಗ ಅವಳು ಏನನ್ನೋ ಹೇಳುತ್ತಿದ್ದಳು. ಅದು ಮುಗಿದದ್ದು ನನಗೆ ನೆನಪಿಲ್ಲ. ರೊಟ್ಟಿ ಬಡಿಯುವಾಗ ಮಾತು, ಕಸ ಹೊಡೆಯುವಾಗ ಮಾತು, ಕೇಳುವವರು ಎದ್ದು ಹೋದ ಮೇಲೂ ಮಾತು. ಮಾವನವರು ಎರಡನೆಯ ಸಲ ಅನ್ನ ಹಾಕಿಸಿಕೊಳ್ಳದೆ ಕೈ ತೊಳೆದು ಅಕ್ಕಿ ಗಿರಣಿಗೆ ಓಡುತ್ತಿದ್ದರು. ಎಂಥ ಕಷ್ಟಜೀವಿ ಎಂದು ಊರೆಲ್ಲ ಅವರನ್ನು ಹೊಗಳುತ್ತಿತ್ತು. ಪಾಪ, ಊರಿಗೇನು ಗೊತ್ತು!

ಆಗ ಪ್ರತಿ ಚಳಿಗಾಲ ಮಿಷನ್ನಿನ ಕಣ್ಣಿನ ಡೇರೆ ನಮ್ಮ ಕಡೆ ಬರುತ್ತಿತ್ತು. ಸಮುದ್ರದಾಚೆಯಿಂದ ಬಂದ, ಎಲ್ಲರೂ ಡಾಕ್ಟರ್ ಬಾಯಿ ಎಂದು ಕರೆಯುತ್ತಿದ್ದ ಒಬ್ಬ ಬಿಳಿಯ ಹೆಣ್ಣುಮಗಳು, ಒಬ್ಬ ಕಂಪೌಂಡರ್, ಚಕ್ಕಡಿಗಳ ತುಂಬ ಪೆಟ್ಟಿಗೆ. ಯಲವಿಗಿಯಲ್ಲಿ ರೈಲು ಇಳಿದು, ಊರೂರು ಸುತ್ತಿ, ಮುದುಕರ ಕಣ್ಣಿನ ಪೊರೆ ತೆಗೆದು, ಮತ್ತೆ ಯಲವಿಗಿಯಲ್ಲೇ ರೈಲು ಹತ್ತುತ್ತಿದ್ದರು. ಪೊರೆ ತೆಗೆದ ಮೇಲೆ ಎರಡೂ ಕಣ್ಣಿಗೆ ಪಟ್ಟಿ ಕಟ್ಟಿ ದಿನಗಟ್ಟಲೆ ಅಂಗಾತ ಮಲಗಿಸಬೇಕು. ತಲೆ ಅಲುಗಿತೋ, ಕಣ್ಣು ಕೆಟ್ಟಿತು. ಆದರೆ ಹುಟ್ಟಿದಾಗಿನಿಂದ ನೇಗಿಲು ಹಿಡಿದವನನ್ನು ಹಾಡುಹಗಲು ಅಲುಗದಂತೆ ಮಲಗಿಸುವುದು ಸಾಮಾನ್ಯವೇ?

ಅತ್ತೆ ಡೇರೆ ನೋಡಲು ಹೋದವಳು, ಹೊರಳಾಡುತ್ತಿದ್ದ ಒಬ್ಬ ಮುದುಕನ ಪಕ್ಕ ಕುಳಿತು ತನ್ನ ಸೋದರಮಾವನ ಮದುವೆಯ ಜಗಳ ಹೇಳತೊಡಗಿದಳು. ಸಂಜೆಯಾದರೂ ಮುದುಕ ಮಿಸುಕಲಿಲ್ಲ. ಪಕ್ಕದ ಹೊರಸಿನ ಮೇಲೆ ಮಲಗಿದ್ದವರೂ ಮಿಸುಕಲಿಲ್ಲ. ನಾವು ಕೇಳಲಾರದೆ ಓಡಿಹೋಗುತ್ತಿದ್ದ ಮಾತು ಅಲ್ಲಿ ಔಷಧಿಯಾಯಿತು! ಮರುದಿನ ಡಾಕ್ಟರ್ ಬಾಯಿ ತಾವೇ ಮನೆಗೆ ಬಂದು ಅತ್ತೆಯನ್ನು ಸೇವೆಗೆ ಕರೆದರು.

"ಹೆಣ್ಮಗಳು ಊರೂರು ತಿರಗೂದು ಚಂದ ಅಲ್ಲಕ್ಕಾ" ಎಂದರು ಮಾವನವರು, ಹೇಳಬೇಕಲ್ಲ ಎಂದು.

"ಆಕಿ ಸಮುದ್ರ ದಾಟಿ ಬಂದಾಳ. ನಾ ವರದಾ ಹೊಳಿ ದಾಟಿದ್ರ ನಿನ್ನ ಮರ್ಯಾದಿ ಹೊಕ್ಕೈತೇನೋ?"

ಮಾವನವರು ಒಡನೆಯೇ ಚಕ್ಕಡಿ ಕಟ್ಟಿಸಿದರು. ಜೊತೆಗೆ ನನ್ನನ್ನೂ ಕಳಿಸಿದರು. ಅಂದು ಮಧ್ಯಾಹ್ನ ಅವರು ನಿಧಾನವಾಗಿ ಊಟ ಮಾಡಿದರಂತೆ.

ಡೇರೆಯಲ್ಲಿ ಅತ್ತೆಯದೇ ಕಾನೂನು. ಎಲ್ಲೋ ಒಂದು ಹೊರಸು ಕಿರ್ ಎಂದರೆ ಸಾಕು, "ಯಾವನೋ ಅವ ಅಳ್ಳಾಡಿದಾವ? ಕಥಿ ಬಂದ್!" ಎನ್ನುತ್ತಿದ್ದಳು. ಉಳಿದವರೆಲ್ಲ ಸೇರಿ ಅವನನ್ನು ಬೈದು ಸುಮ್ಮನಾಗಿಸುತ್ತಿದ್ದರು. ಒಂದು ವರ್ಷ ಸವಣೂರಿನ ಎಲೆ ವ್ಯಾಪಾರದ ಸಾಹೇಬರೊಬ್ಬರು ಹೀಗೆ ಮಲಗಿದ್ದರು. ಎಲ್ಲಿಂದಲೋ ಬಂದ ಆಡೊಂದು ಅವರ ಎದೆಯ ಮೇಲಿಟ್ಟುಕೊಂಡಿದ್ದ ವೀಳ್ಯದೆಲೆಯ ಕಟ್ಟಿಗೇ ಬಾಯಿ ಹಾಕಿತು. ಸಾಹೇಬರು ತುಟಿ ಅಲುಗಿಸದೆ, "ಅಕ್ಕಾರ, ಆಡು ನನ್ನ ಎಲಿ ತಿನ್ನಾಕತ್ತೈತ್ರಿ" ಎಂದರು.

"ತಿನ್ಲಿ ಬಿಡ್ರಿ ಸಾಹೇಬ್ರ, ಎಲಿ ಮತ್ತ ಚಿಗೀತಾವ. ಕಣ್ಣು ಚಿಗಿಯಾಂಗಿಲ್ಲ!"

ಕಟ್ಟು ಪೂರ್ತಿ ಖಾಲಿಯಾಯಿತು. ಸಾಹೇಬರ ಕಣ್ಣು ಮಾತ್ರ ಚೆನ್ನಾಗಿ ಬಂತು.

ಡಾಕ್ಟರ್ ಬಾಯಿ ಕನ್ನಡ ಕಲಿತದ್ದೂ ಅತ್ತೆಯಿಂದಲೇ. ಪರಿಣಾಮ ಕೇಳಬೇಕೆ? ಹಿರೇಕೆರೂರಿನಲ್ಲಿ ಒಬ್ಬ ದೊಡ್ಡ ಜಮೀನುದಾರರು ಔಷಧಿಯ ಉರಿಗೆ ಚೀರಿದಾಗ ಬಾಯಿಯವರು ಮೃದುವಾಗಿ, "ಸುಮ್ನ ಬೀಳೋ ಹುಚ್ಚಪ್ಪಾ" ಎಂದರು. ಅದು ರೋಗಿಗೆ ಧೈರ್ಯ ಹೇಳುವ ಕ್ರಮ ಎಂದು ಅವರು ತಿಳಿದಿದ್ದರು!

ಬೆಳಗಿನ ಪ್ರಾರ್ಥನೆಗೆ ಅತ್ತೆಯೂ ವಿಭೂತಿ ಹಚ್ಚಿಕೊಂಡು ಹೋಗಿ ಕೂಡುತ್ತಿದ್ದಳು. ಹಾಡು ಚೆನ್ನಾಗಿದೆ ಎಂದು ತಲೆದೂಗುತ್ತಿದ್ದಳು. ಇದನ್ನು ಕಂಡು ಕಂಪೌಂಡರರಿಗೆ ಆಸೆ ಹುಟ್ಟಿತು. "ಅಕ್ಕಾರ, ನೀವೂ ನಮ್ಮ ದೇವರ ಕಡೆ ಬರಬಾರದೇನ್ರಿ?" ಎಂದರು. ಅತ್ತೆ ಕೊರಳಿನ ಲಿಂಗ ಮುಟ್ಟಿಕೊಂಡು, "ನಿಮ್ಮಾತ ಚಲೋ ಅದಾನ್ರೀ. ಆದ್ರ ಈತಗ ದಿನಾ ಜಳಕಾ ಮಾಡ್ಸೂದ ನನಗ ಸಾಕಾಗೈತಿ. ಇನ್ನೊಬ್ಬನ್ನ ಎಲ್ಲಿ ಸಂಭಾಳಿಸ್ಲಿ?" ಎಂದಳು. ಮತ್ತೆ ಯಾರೂ ಆ ಮಾತು ಎತ್ತಲಿಲ್ಲ. ಬದಲಿಗೆ ಅತ್ತೆಯೇ ಕಂಪೌಂಡರರ ಬೆನ್ನು ಹತ್ತಿದಳು: ಡಾಕ್ಟರ್ ಬಾಯಿಗೆ ಗಂಡು ನೋಡಬೇಕಂತೆ!

"ನಿಮ್ಮ ಪೈಕಿ ಚಲೋ ಹುಡುಗ ಇದ್ರ ನೋಡ್ರಿ. ಹುಡುಗಿ ವಯಸ್ಸು ಮೀರಾಕತ್ತೈತಿ."

"ಅತ್ತಿ, ಅವ್ರ ತಲಿ ಪೂರ್ತಿ ಬೆಳ್ಳಗಾಗೈತ್ರಿ" ಎಂದೆ ನಾನು.

"ಹುಚ್ಚಿ! ಬಿಳೀ ಮಂದಿ ಕೂದಲಾನೂ ಬೆಳ್ಳಗ ಇರ್ತಾವ."

ಅತ್ತೆಯ ವಾದಕ್ಕೆ ಎದುರು ನಿಂತವರುಂಟೆ? ನಕ್ಕು ಬಿಟ್ಟೆ. ಅದರಲ್ಲಿ ನಗುವಂಥದ್ದೇನೂ ಇರಲಿಲ್ಲವೆಂದು ತಿಳಿದದ್ದು ಶಿಗ್ಗಾಂವದಲ್ಲಿ. ಆ ದಿನ ಡೇರೆಯ ವಿಚಾರಣೆಗೆಂದು ಫೌಜದಾರರು ಬಂದು ಬಾಗಿಲಲ್ಲಿ ನಿಂತಿದ್ದರು. ಖಾಕಿ ಅಂಗಿ, ಪಟ್ಟಾ, ಬೂಟು, ಪೊದೆಮೀಸೆ ಎಲ್ಲ ಇತ್ತು. ಅತ್ತೆ ಸರಕ್ಕನೆ ಅವರ ಕೈ ಹಿಡಿದು, "ಬಾರೋ ತಮ್ಮಾ, ಅಂಜಬ್ಯಾಡ, ಎಲ್ಲಿಂದ ಬಂದಿ?" ಎನ್ನುತ್ತ ಹೊರಸಿನ ಮೇಲೆ ಕೆಡವಿ, ಒದ್ದೆ ಅರಿವೆಯಿಂದ ಕಣ್ಣು ಒರೆಸತೊಡಗಿದಳು. ಫೌಜದಾರರು ಗಾಬರಿಯಲ್ಲಿ ನಿಜವಾಗಿಯೂ ತಮ್ಮ ಊರಿನ ಹೆಸರು ಹೇಳಿಬಿಟ್ಟರು! ಡೇರೆಯೆಲ್ಲ ನಕ್ಕಿತು. ಡಾಕ್ಟರ್ ಬಾಯಿ ನಗಲಿಲ್ಲ. ಬಂದು ಅತ್ತೆಯ ಗಲ್ಲ ಹಿಡಿದೆತ್ತಿ, ಬೆಳಕಿಗೆ ತಿರುಗಿಸಿ ನೋಡಿದರು.

ಎರಡೂ ಕಣ್ಣಲ್ಲಿ ಪೊರೆ ಬಲಿತಿತ್ತು. ಎಷ್ಟು ವರ್ಷದಿಂದಲೋ! ಸದ್ದು ಕೇಳಿ, ನೆರಳು ನೋಡಿ ಅವಳು ಇಷ್ಟೂ ಸಂಸಾರ ನಡೆಸಿದ್ದಳು. ಊರೂರಿನ ಮುದುಕರನ್ನು ಒಲಿಸಿ ಕರೆತಂದು ಮಲಗಿಸಿದವಳು ತನ್ನ ಕಣ್ಣಿನ ಮಾತು ಮಾತ್ರ ಯಾರಿಗೂ ಹೇಳಿರಲಿಲ್ಲ. ಅಷ್ಟರಲ್ಲಿ ಅತ್ತ ಸಮುದ್ರದಾಚೆ ಯುದ್ಧ ಶುರುವಾಗಿತ್ತು. ಡಾಕ್ಟರ್ ಬಾಯಿಗೆ ತಮ್ಮ ದೇಶಕ್ಕೆ ಮರಳಲು ಕರೆ ಬಂದಿತ್ತು. ಉಳಿದದ್ದು ಸವಣೂರಿನ ಡೇರೆ ಒಂದೇ. ಅಲ್ಲಿ ಪೊರೆ ತೆಗೆಸದಿದ್ದರೆ ಅತ್ತೆ ಕುರುಡಿಯಾಗಿಯೇ ಉಳಿಯಬೇಕು.

"ನಾ ಒಲ್ಲೆ" ಎಂದಳು ಅತ್ತೆ.

"ಯಾಕ?" ಎಂದರು ಬಾಯಿ.

"ಅಂಜಿಕಿ ಬರ್ತೈತಿ. ಕತ್ತಿ ಅಂಜಿಕಿ ಅಲ್ಲ. ಅಷ್ಟು ದಿನ ಮಾತಾಡದ ಹೆಂಗ ಬೀಳ್ಲಿ? ಸುಮ್ನಾದ್ರ ನಾ ಒಬ್ಬಾಕೀನ ಅದೇನಿ ಅನ್ನೂದು ನೆನಪಾಗ್ತೈತಿ."

ಬಾಯಿಯವರು ಅತ್ತೆಯ ಭುಜ ತಟ್ಟಿ, "ನಿನ್ನ ಬಾಜೂಕ ನಾ ಅದೇನಲ್ಲ, ಹುಚ್ಚವ್ವಾ!" ಎಂದರು.

ಸವಣೂರಿನಲ್ಲಿ ಅತ್ತೆ ಪಟ್ಟಿ ಕಟ್ಟಿಸಿಕೊಂಡು ಮಲಗಿದಳು. ದವಡೆಯೂ ಅಲುಗಬಾರದು, ಗಂಜಿಯೇ ಊಟ. ಕೆಲಸ ಮುಗಿದೊಡನೆ ಡಾಕ್ಟರ್ ಬಾಯಿ ಹೊರಸಿನ ಪಕ್ಕ ಕುಳಿತು ಅತ್ತೆಯ ಕಥೆಗಳನ್ನು ಅತ್ತೆಗೇ ಹೇಳಿದರು. ಎಲ್ಲ ತಪ್ಪು ತಪ್ಪು! ಸೋದರಮಾವನ ಮದುವೆಯಲ್ಲಿ ಬೀಗರ ಬದಲು ಎತ್ತುಗಳು ಮುನಿಸಿಕೊಂಡವು. ತಿದ್ದಲಾರದೆ ಅತ್ತೆ ಹೊರಸಿನ ಹಗ್ಗವನ್ನು ಬಿಗಿಯಾಗಿ ಹಿಡಿದುಕೊಂಡಿದ್ದಳು. ಆದರೆ ತುಟಿ ಬಿಚ್ಚಲಿಲ್ಲ. ಇದು ಮೊದಲನೆಯ ಸಲ.

ಪಟ್ಟಿ ಬಿಚ್ಚಿದಾಗ ಬೆಳಕು ಬಂತು, ಗುರುತು ಹತ್ತಲಿಲ್ಲ. ಅದಕ್ಕೆ ದಪ್ಪ ಗಾಜಿನ ಕನ್ನಡಕ ಬೇಕಿತ್ತು. ಹುಬ್ಬಳ್ಳಿಯಿಂದ ಅದು ಬಂದು ಕೈ ಸೇರಿದ್ದು ಡಾಕ್ಟರ್ ಬಾಯಿ ಹೊರಟ ದಿನ, ಯಲವಿಗಿ ಸ್ಟೇಷನ್ನಿನಲ್ಲಿ. ಬಾಯಿಯವರೇ ಅದನ್ನು ಅತ್ತೆಯ ಕಿವಿಗೆ ಸಿಕ್ಕಿಸಿದರು. ಅತ್ತೆ ನೋಡಿದಳು. ನೆರೆತ ಕೂದಲು, ಬಿಸಿಲಿಗೆ ಸುಟ್ಟ ಮುಖ, ಕಣ್ಣಿನ ಸುತ್ತ ಸುಕ್ಕು.

"ಅಯ್ಯ ನನ್ನವ್ವಾ! ನೀನೂ ನನ್ನ ವಾರಿಗಿ ಮುದುಕೀನ! ನಾ ಹುಡುಗಿ ಅಂತ ಗಂಡು ನೋಡಾಕತ್ತಿದ್ದೆ!"

ಬಾಯಿಯವರು ಜೋರಾಗಿ ನಕ್ಕರು. ಅತ್ತೆ ನನ್ನ ಕಡೆ ತಿರುಗಿ ಗಂಟು ಬಿಚ್ಚಿಸಿದಳು. ಒಳಗೆ ಅಕ್ಕಿ, ಕೊಬ್ಬರಿ ಬಟ್ಟಲು, ಉತ್ತತ್ತಿ, ಒಂದು ರವಿಕೆಯ ಖಣ. ಹೋಗುವ ಹೆಣ್ಣುಮಗಳಿಗೆ ಉಡಿ ತುಂಬದೆ ಕಳಿಸುವುದುಂಟೆ?

"ನಾ ತುಂಬಬಾರ್ದು. ನೀ ಮುತ್ತೈದಿ, ನೀ ತುಂಬು" ಎಂದಳು ನನಗೆ.

ಆದರೆ ಉಡಿ ಒಡ್ಡಲು ಬಾಯಿಯವರಿಗೆ ಸೆರಗು ಎಲ್ಲಿದೆ? ಅವರು ಚೀಲದಿಂದ ಡೇರೆಯ ಬಿಳಿ ಏಪ್ರನ್ ತೆಗೆದು ಸೊಂಟಕ್ಕೆ ಕಟ್ಟಿಕೊಂಡು, ಅದರ ಎರಡೂ ತುದಿ ಹಿಡಿದು ಅತ್ತೆಯ ಮುಂದೆ ನಿಂತರು. ನನ್ನ ಮುಂದೆ ಅಲ್ಲ.

"ನೀನ ತುಂಬು" ಎಂದರು.

ಅತ್ತೆ ನನ್ನ ಕೈಯಿಂದ ಗಂಟು ತೆಗೆದುಕೊಂಡಳು. ಆಮೇಲೆ ಬೊಗಸೆ ಬೊಗಸೆ ಅಕ್ಕಿ ತುಂಬಿದಳು. ಗಂಡ ಹೋದ ಮೇಲೆ ಅವಳು ಯಾರಿಗೂ ಉಡಿ ತುಂಬಿರಲಿಲ್ಲ.

ರೈಲು ಹೋಯಿತು. ಚಕ್ಕಡಿ ಅಕ್ಕಿಆಲೂರಿನ ದಾರಿ ಹಿಡಿಯಿತು. ಅತ್ತೆ ಒಂದೇ ಒಂದು ಮಾತಾಡಲಿಲ್ಲ. ಇದು ಎರಡನೆಯ ಸಲ. ಆ ಸುಮ್ಮನಿರುವಿಕೆಗೆ ನನಗೇ ಭಯವಾಯಿತು. ಊರು ಹತ್ತಿರವಾದಾಗ ಕೊನೆಗೂ ಕೇಳಿದಳು:

"ಉಡಿ ತುಂಬಿ ಕಳಿಸೇವಿ. ಪಂಚಮಿಗೆ ತವರಮನಿಗೆ ಕರ್ಕೊಂಡು ಬರಾಕ ಯಾರನ್ನ ಕಳಸೂದು?"

ಡಾಕ್ಟರ್ ಬಾಯಿ ಮತ್ತೆ ಬರಲಿಲ್ಲ. ಅತ್ತೆ ಇರುವವರೆಗೂ ಪ್ರತಿ ನಾಗರ ಪಂಚಮಿಗೆ ಬಾಯಿಯವರ ಪಾಲೆಂದು ಒಂದು ಬಟ್ಟಲು ಉಂಡಿ ತೆಗೆದಿಟ್ಟು, ಕನ್ನಡಕ ಒರೆಸಿಕೊಂಡು, ಸಂಜೆಯವರೆಗೂ ಕಟ್ಟೆಯ ಮೇಲೆ ಕುಳಿತು ದಾರಿ ನೋಡುತ್ತಿದ್ದಳು. ಮಾವನವರೂ ಆ ದಿನ ಗಿರಣಿಗೆ ಹೋಗದೆ ಅವಳ ಪಕ್ಕ ಕುಳಿತು ಅವಳ ಮಾತೆಲ್ಲ ಕೇಳುತ್ತಿದ್ದರು.